ಹತ್ತು ಚಿತ್ರ ಆರಿಸಿಕೊಡಿ ಅಂದಿದ್ದರು

‘ಸೂಪರ್’ ಅನ್ನೋ ಮಾತು ಈಗಲೂ ನನ್ನ ಕಿವಿಗೆ ಆಗಲ್ಲ. ಮದುವೆ ಊಟಕ್ಕೆ ಕೂತಿರ್ತೀನಿ. ಸಾರು ಬಡಿಸೋನು ಬಂದು ‘ಹೆಂಗೈತಣ್ಣ’ ಅಂತಾನೆ. ಪಕ್ಕದೆಲೆಯವನು ಇನ್ನೂ ಅನ್ನ ಕಲಸಿರಲ್ಲ, ಆಗಲೇ ‘ಸೂಪರ್ ಕಣಣ್ಣ’ ಅಂದುಬಿಡ್ತಾನೆ. ನನಗೆ ಎದ್ದು ಕೈ ತೊಳಕೊಂಡು ಹೋಗಿಬಿಡೋಣ ಅನ್ನಿಸುತ್ತೆ. ಪಾಪ, ಅವನ ಮೇಲೆ ನನಗೇನು ಸಿಟ್ಟು? ನನ್ನ ಮೇಲೇ ನನಗೆ ಅಸಹ್ಯ. ನೋಡದೇ ಹೊಗಳೋ ಆ ಹೊಲಸು ಕೆಲಸವನ್ನ ನಾನು ಮೂರು ವರ್ಷ ಮಾಡಿದ್ದೀನಿ. ಒಂದೇ ಒಂದು ಸಲ ಸರಿಯಾಗಿ ನೋಡಿದ್ದೆ. ಆಗ ಮಾಡಿದ್ದು ಅದಕ್ಕಿಂತ ಹೊಲಸು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ಬಿಡದಿ ಸುತ್ತಮುತ್ತ ರಾಗಿ ಹೊಲಗಳಿಗೆಲ್ಲ ಕಾಂಪೌಂಡ್ ಏಳ್ತಾ ಇದ್ದ ಕಾಲ. ನಾನು ಚನ್ನಪಟ್ಟಣದಿಂದ ಅಲ್ಲಿನ ಒಂದು ಕಾರು ಕಾರ್ಖಾನೆಗೆ ಅವರದ್ದೇ ಬಸ್ಸಿನಲ್ಲಿ ಹೋಗಿ ಬರ್ತಿದ್ದೆ. ಕಾರಿನ ಬಾಗಿಲುಗಳು ಬಣ್ಣ ಬಳಿಸಿಕೊಂಡು, ಒಣಗಿ, ಒಂದರ ಹಿಂದೊಂದು ನನ್ನ ಮುಂದೆ ಬಂದು ನಿಲ್ಲೋವು. ಟ್ಯೂಬ್‌ಲೈಟಿನ ಸಾಲಿನ ಕೆಳಗೆ ಬಗ್ಗಿ, ಓರೆಯಾಗಿ ನೋಡಿ, ಎಲ್ಲಾದರೂ ಧೂಳು ಕೂತಿದ್ದರೆ, ಬಣ್ಣ ಸೋರಿ ಇಳಿದಿದ್ದರೆ, ಅಲ್ಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸಬೇಕು. ತಪ್ಪು ಹುಡುಕೋದೇ ನನ್ನ ಸಂಬಳದ ಕೆಲಸ. ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆಯನ್ನೂ ನಾನು ಬಿಡ್ತಿರಲಿಲ್ಲ. ‘ಇವನದ್ದು ಕಣ್ಣಲ್ಲ ಕಣ್ರಯ್ಯ, ಭೂತಗನ್ನಡಿ’ ಅಂತ ಸೂಪರ್‌ವೈಸರ್ ಬೇರೆಯವರ ಮುಂದೆ ಹೇಳೋರು, ನಾನು ಎದೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದೆ.

ಚಿತ್ರ ಬರೆಯೋದು ನನಗೆ ಚಿಕ್ಕಂದಿನಿಂದ ಹಿಡಿದ ಹುಚ್ಚು. ಕಲಿಸಿದವರು ಯಾರೂ ಇಲ್ಲ. ಕ್ಯಾಲೆಂಡರ್ ನೋಡಿ ಬರೆಯೋದು, ಗೋಡೆಗೆ ಅಂಟಿಸೋದು, ಬಂದ ನೆಂಟರು ‘ನೀನೇ ಬರ್ದಿದ್ದೇನ್ಲಾ?’ ಅಂದರೆ ತಲೆ ತಗ್ಗಿಸಿ ನಗೋದು, ಅಷ್ಟೇ. ಒಂದು ದಿನ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಲ್ಲಿ ಕೂತಿದ್ದಾಗ ನೆಟ್ಟಿನಲ್ಲಿ ನಮ್ಮ ಕಡೆಯ ಹವ್ಯಾಸಿ ಚಿತ್ರಗಾರರದ್ದೇ ಒಂದು ಗುಂಪು ಇರೋದು ಕಣ್ಣಿಗೆ ಬಿತ್ತು. ಕಟ್ಟಿದವರು ಕನಕಪುರದ ಒಬ್ಬ ಮೇಷ್ಟ್ರು. ರಾಮನಗರದ ಒಬ್ಬ ಫೋಟೋ ಸ್ಟುಡಿಯೋದವನು ಅವರ ಬಲಗೈ. ಒಟ್ಟು ಮೂವತ್ತು ನಲವತ್ತು ಜನ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಹೆಸರಿಗಿಂತ ಊರೇ ಮುಖ್ಯ ಅಲ್ಲಿ. ನಾನು ‘ಚನ್ನಪಟ್ಟಣ ಸರ್’ ಆದೆ. ಬರೆದ ಚಿತ್ರವನ್ನ ಸ್ಕ್ಯಾನ್ ಮಾಡಿಸಿ ಅಲ್ಲಿಗೆ ಹಾಕೋದು, ಉಳಿದವರು ಕೆಳಗೆ ಒಂದೆರಡು ಮಾತು ಬರೆಯೋದು. ಕನ್ನಡ ಅಕ್ಷರ ಮೂಡಿಸೋಕೆ ಯಾರಿಗೂ ಬರ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀತಿದ್ವಿ.

ನನ್ನ ಮೊದಲನೇ ಚಿತ್ರಕ್ಕೆ ಹನ್ನೊಂದು ಜನ ಬರೆದರು. ಸೂಪರ್ ಸರ್, ಅದ್ಭುತ ಸರ್, ನಿಮ್ಮ ಕೈಗೆ ನಮಸ್ಕಾರ ಸರ್. ಮನೆಗೆ ಹೋಗಿ ಎರಡು ಮುದ್ದೆ ಜಾಸ್ತಿ ಉಂಡೆ. ಹುಟ್ಟಿದಾಗಿನಿಂದ ಯಾರೂ ನನ್ನ ಕೈಗೆ ನಮಸ್ಕಾರ ಮಾಡಿರಲಿಲ್ಲ ನೋಡಿ.

ಆಮೇಲೆ ಗೊತ್ತಾಯ್ತು ಅದರ ಪದ್ಧತಿ. ನಮ್ಮ ಕಡೆ ಮದುವೇಲಿ ಕವರಿಗೆ ದುಡ್ಡಿಟ್ಟು ಮುಯ್ಯಿ ಹಾಕ್ತಾರಲ್ಲ, ಹಂಗೆ. ನಮ್ಮ ಮನೆ ಮದುವೆಗೆ ಬಂದು ಮುಯ್ಯಿ ಮಾಡಿದವರ ಮನೆ ಮದುವೆಗೆ ನಾವೂ ಹೋಗಿ ಮಾಡಲೇಬೇಕು. ಮರೆತರೆ ಏಳು ಜನ್ಮ ಮಾತಾಡಲ್ಲ. ಗುಂಪಿನಲ್ಲೂ ಅದೇ. ನನಗೆ ಹನ್ನೊಂದು ಜನ ಸೂಪರ್ ಅಂದರಾ, ಆ ಹನ್ನೊಂದು ಜನರ ಚಿತ್ರಕ್ಕೂ ನಾನು ಹೋಗಿ ಸೂಪರ್ ಅಂದು ಬರಬೇಕು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳೋ ಅಗತ್ಯವೂ ಇರಲಿಲ್ಲ. ಎಲ್ಲರೂ ಇಲ್ಲೇ ಹುಟ್ಟಿ ಬೆಳೆದವರು.

ನೆಟ್ ಅಂದರೆ ಆಗ ಈಗಿನ ಹಾಗಲ್ಲ. ಚಿತ್ರ ಒತ್ತಿದರೆ ಮೇಲಿನಿಂದ ಒಂದೊಂದೇ ಗೆರೆ ಇಳಿಯೋದು. ಅರ್ಧ ಗಂಟೆ ಕೂತರೆ ನಾಲ್ಕು ಚಿತ್ರ ಪೂರ್ತಿ ಕಂಡರೆ ಪುಣ್ಯ. ಹನ್ನೊಂದು ಜನರ ಮುಯ್ಯಿ ತೀರಿಸೋದು ಹೆಂಗೆ? ಮೇಲಿನ ಕಾಲುಭಾಗ ಕಾಣಿಸಿದ ಕೂಡಲೇ ಎರಡು ಹೊಗಳಿಕೆ ಒಗೆದು ಮುಂದಕ್ಕೆ ಹೋಗ್ತಿದ್ದೆ. ಒಂದು ಸಲ ಮೇಷ್ಟ್ರು ಒಂದು ಚಿತ್ರ ಹಾಕಿದ್ದರು. ನೀಲಿ ಆಕಾಶ ಇಳೀತು, ಎರಡು ತೆಂಗಿನ ಗರಿ ಇಳೀತು. ‘ತುಂಬಾ ಖುಷಿ ಕೊಡ್ತು ಮೇಷ್ಟ್ರೇ, ಇಂಥವು ಇನ್ನೂ ಹತ್ತಾರು ಬರಲಿ’ ಅಂತ ಬರೆದೆ. ವಾರದ ಮೇಲೆ ಪೂರ್ತಿ ನೋಡ್ತೀನಿ, ಕೆಳಗೆ ಚಟ್ಟ! ಅವರ ತಾಯಿ ತೀರಿಕೊಂಡಿದ್ದರಂತೆ, ಹೊತ್ತುಕೊಂಡು ಹೋಗೋದನ್ನ ಬರೆದಿದ್ದಾರೆ. ಕ್ಷಮೆ ಕೇಳೋಣ ಅಂತ ನೋಡಿದರೆ ಅಷ್ಟೊತ್ತಿಗೆ ಮೇಷ್ಟ್ರ ಉತ್ತರ ಬಂದಿತ್ತು: ‘ಧನ್ಯವಾದ ಸರ್, ನಿಮ್ಮ ಪ್ರೋತ್ಸಾಹ ಹೀಗೇ ಇರಲಿ.’ ನಾನು ಚಿತ್ರ ನೋಡಿರಲಿಲ್ಲ, ಅವರು ನಾನು ಬರೆದದ್ದನ್ನ ಓದಿರಲಿಲ್ಲ. ಥೂ.

ಇದನ್ನ ಮನೇಲಿ ನಗ್ತಾ ಹೇಳಿದೆ. ನಮ್ಮನೆಯವಳು ನಗಲಿಲ್ಲ. ‘ನಾನ್ ಮಾಡಿದ್ ಸಾರಿಗೆ ದಿನಾ ಮೂರ್ ತಪ್ಪು ಎತ್ತೀರಿ. ಮಕನೇ ಕಾಣ್ದೋರ್ ಚಿತ್ರನ ನೋಡ್ದಲೇ ಭೇಷ್ ಅಂತೀರಿ. ಅಲ್ಲಿಗೇ ಹೋಗಿ ಉಣ್ಕಳಿ’ ಅಂದಳು. ಅವಳಿಗೇನು ಗೊತ್ತು ಕಲೆ ಅಂದುಕೊಂಡು ಮುದ್ದೆ ಮುರಿದೆ.

ಮಾಗಡಿಯವರು ಗುಂಪಿಗೆ ಬಂದದ್ದು ನಾನು ಸೇರಿ ಒಂದು ವರ್ಷ ಆದ ಮೇಲೆ. ಮಾಗಡಿ ಬಸ್ ಸ್ಟ್ಯಾಂಡ್ ಎದುರಿನ ಒಂದು ಜೆರಾಕ್ಸ್ ಅಂಗಡೀಲಿ ಕೆಲಸಕ್ಕಿದ್ದ ಹೆಂಗಸು. ಅಲ್ಲಿಗೆ ರೈಲಿಲ್ಲ, ಎಲ್ಲಕ್ಕೂ ಬಸ್ಸೇ, ಹಂಗಾಗಿ ಕಾಯೋ ಜನಕ್ಕೆ ಬರವಿಲ್ಲ. ಕಾಯ್ತಾ ಕೂತವರನ್ನ ಕೌಂಟರಿನ ಹಿಂದಿನಿಂದ ನೋಡ್ತಾ, ಕೆಟ್ಟು ಹೋದ ಜೆರಾಕ್ಸ್ ಹಾಳೆಯ ಹಿಂಬದಿಗೆ ಬಾಲ್ ಪೆನ್ನಿನಲ್ಲಿ ಬರೀತಿದ್ದರು. ಅಂಗಡೀಲೇ ಕಂಪ್ಯೂಟರ್ ಇತ್ತು, ಸ್ಕ್ಯಾನರ್ ಇತ್ತು, ಅಲ್ಲಿಂದಲೇ ಹಾಕ್ತಿದ್ದರು. ಅವರ ಮೊದಲನೇ ಚಿತ್ರ ಒಂದು ಮುದುಕಿಯ ಪಾದ. ಚಪ್ಪಲಿ ಬಿಟ್ಟು, ಅದೇ ಚಪ್ಪಲಿ ಮೇಲೆ ಹಿಮ್ಮಡಿ ಊರಿಕೊಂಡು ಕೂತಿರೋದು. ಬರೀ ಪಾದ, ಸೀರೆ ಅಂಚು, ಪಕ್ಕದಲ್ಲಿ ಒಂದು ಗಂಟು.

ಅದಕ್ಕೆ ಬಂದದ್ದು ಮೂರೇ ಮೂರು ಮಾತು. ‘ಮುಖ ಎಲ್ಲಿ ಮೇಡಂ?’ ‘ಕಲರ್ ಹಾಕಿ ಮೇಡಂ.’ ಮೂರನೆಯದು ನನ್ನದು: ‘ಸೂಪರ್ ಮೇಡಂ.’ ನಾನು ಅರ್ಧವೇ ನೋಡಿದ್ದೆ, ಸೀರೆ ಅಂಚು ಮಾತ್ರ ಕಂಡಿತ್ತು.

ಅವರಿಗೆ ಮುಯ್ಯಿ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಬೇಕಿರಲಿಲ್ಲ. ಎಲ್ಲರ ಚಿತ್ರವನ್ನೂ ಪೂರ್ತಿ ನೋಡಿ, ಕಂಡದ್ದನ್ನ ಕಂಡ ಹಾಗೆ ಬರೆಯೋರು. ಸ್ಟುಡಿಯೋದವನು ಕೆರೆ, ಕಮಲ, ಹಂಸ ಅಂತ ವಾರಕ್ಕೊಂದು ಹಾಕ್ತಿದ್ದ. ‘ಚೆನ್ನಾಗಿದೆ ಸರ್. ನಮ್ಮ ಕಡೆ ಹಂಸ ಎಲ್ಲಿ ನೋಡಿದ್ರಿ? ಕೊಕ್ಕರೆ ಬರೀರಿ, ದಿನಾ ಕಾಣುತ್ತೆ’ ಅಂತ ಬರೆದರು. ಅವನು ರಾಮನಗರದಿಂದ ನನಗೆ ಫೋನ್ ಮಾಡಿ ಅರ್ಧ ಗಂಟೆ ಬೈದ. ‘ಯಾರ್ಲಾ ಅವಳು, ಜೆರಾಕ್ಸ್ ಅಂಗಡಿಯೋಳು ನಂಗೆ ಹೇಳ್ಕೊಡಕ್ ಬಂದ್ಬುಟ್ಟವ್ಳೆ!’ ನಾನು ಹೂಂ ಹೂಂ ಅಂತ ಒಳಗೊಳಗೇ ನಕ್ಕೆ. ಹಂಸ ನನಗೂ ಸಾಕಾಗಿತ್ತು.

ನಗು ನಿಂತದ್ದು ನನ್ನ ಸರದಿ ಬಂದಾಗ. ನಾನು ಜೋಡೆತ್ತಿನ ಚಿತ್ರ ಹಾಕಿದ್ದೆ. ನೊಗ ಹೊತ್ತ ಬಿಳಿ ಎತ್ತುಗಳು, ಚೂಪಾದ ಕೊಂಬು, ಕೊರಳಲ್ಲಿ ಗೆಜ್ಜೆ. ಎರಡು ತಿಂಗಳು ಪೆನ್ಸಿಲ್ ಬಣ್ಣದಲ್ಲಿ ತೀಡಿದ್ದು. ಇಪ್ಪತ್ತು ಜನ ಹೊಗಳಿದರು. ಇಪ್ಪತ್ತೊಂದನೆಯದು ಮಾಗಡಿಯವರದ್ದು: ‘ಎತ್ತು ಲಕ್ಷಣವಾಗಿದೆ ಸರ್. ಆದರೆ ಎರಡೂ ಒಂದೇ ಎತ್ತು ಅನ್ನಿಸುತ್ತೆ. ನೊಗದ ಭಾರ ಕತ್ತಿನ ಮೇಲೆ ಬಿದ್ದಿಲ್ಲ. ನಿಜವಾದ ಎತ್ತು ನೋಡ್ಕೊಂಡು ಇನ್ನೊಂದು ಸಲ ಬರೀರಿ, ನಿಮ್ಮ ಕೈ ಚೆನ್ನಾಗಿದೆ.’

ಮೈಯೆಲ್ಲ ಉರಿದು ಹೋಯ್ತು. ಯಾಕೆ ಅಂದರೆ ಅದು ನಿಜ. ಕ್ಯಾಲೆಂಡರಿನಲ್ಲಿದ್ದ ಒಂದೇ ಎತ್ತಿನ ಚಿತ್ರವನ್ನ ಕಾರ್ಬನ್ ಇಟ್ಟು ಎರಡು ಸಲ ಇಳಿಸಿಕೊಂಡಿದ್ದೆ ನಾನು. ನೊಗವನ್ನ ಆಮೇಲೆ ಮೇಲಕ್ಕೆ ಇಟ್ಟಿದ್ದೆ, ತಲೆ ಮೇಲೆ ಟೋಪಿ ಇಟ್ಟ ಹಾಗೆ. ಇಪ್ಪತ್ತು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ, ಆಯಮ್ಮನಿಗೆ ಕಂಡುಬಿಡ್ತು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸುತ್ತು ಹಾಕೋನು ನಾನು. ನನ್ನ ಮೇಲೇ ಸುತ್ತು ಹಾಕಿದ್ದಳಲ್ಲ ಆ ಹೆಂಗಸು! ಆ ರಾತ್ರಿ ಉಣ್ಣಲಿಲ್ಲ. ಕೊನೇ ಮಾತು, ‘ನಿಮ್ಮ ಕೈ ಚೆನ್ನಾಗಿದೆ’ ಅಂದದ್ದು, ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬಿದ್ದದ್ದು ಎಷ್ಟೋ ವರ್ಷದ ಮೇಲೆ.

ಅವತ್ತಿನಿಂದ ನಾನು ಅವರ ಚಿತ್ರದ ಕೆಳಗೆ ಒಂದಕ್ಷರ ಬರೆಯಲಿಲ್ಲ. ಸ್ಟುಡಿಯೋದವನು ಮೊದಲೇ ನಿಲ್ಲಿಸಿದ್ದ. ಮೇಷ್ಟ್ರು, ‘ನಮ್ಮದು ಪ್ರೋತ್ಸಾಹದ ಗುಂಪು, ಯಾರ ಮನಸ್ಸೂ ನೋಯಬಾರದು’ ಅಂತ ಎಲ್ಲರಿಗೂ ಅನ್ನೋ ಹಾಗೆ ಒಂದು ನೋಟೀಸು ಹಾಕಿದರು. ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಆರು ತಿಂಗಳು ಮಾಗಡಿಯವರು ಹಾಕಿದ ಚಿತ್ರಗಳಿಗೆ ಒಂದು ಮಾತೂ ಬರಲಿಲ್ಲ. ಊರಲ್ಲಿ ಒಂದು ಮನೆಗೆ ಬೆಂಕಿ ನೀರು ಕೊಡಬೇಡಿ ಅಂತಿದ್ದರಂತೆ ಹಿಂದೆ, ಅದನ್ನೇ ನಾವು ಕಂಪ್ಯೂಟರಿನಲ್ಲಿ ಮಾಡಿದ್ವಿ. ಎಲ್ಲರೂ ಒಳ್ಳೇ ಮನುಷ್ಯರೇ, ಎದುರಿಗೆ ಸಿಕ್ಕಿದರೆ ಕಾಫಿ ಕುಡಿಸದೆ ಕಳಿಸೋರಲ್ಲ.

ಆಮೇಲೆ ಒಂದು ದಿನ ಮಾಗಡಿಯವರು ಮೇಷ್ಟ್ರ ಚಿತ್ರದ ಕೆಳಗೆ ‘ಸೂಪರ್ ಸರ್’ ಅಂತ ಬರೆದರು. ಮರುದಿನ ಹಂಸಕ್ಕೂ ಬರೆದರು. ಮುಂದಿನ ವಾರ ಅವರದ್ದೇ ಒಂದು ಹೊಸ ಚಿತ್ರ ಬಂತು: ಸೂರ್ಯ ಮುಳುಗ್ತಿದ್ದಾನೆ, ಕೊಡ ಹೊತ್ತ ಹೆಣ್ಣು ನಿಂತಿದ್ದಾಳೆ, ಬಳೆಗೆ ಮಿಂಚಿನ ಪುಡಿ. ಮೂವತ್ತು ಜನ ಬರೆದರು! ‘ಇದು ನೋಡಿ ಮೇಡಂ ಕಲೆ ಅಂದ್ರೆ’ ಅಂದ ಸ್ಟುಡಿಯೋದವನು. ಆ ಮೇಲೆ ಗಿಳಿ ಬಂತು, ರಾಧೆ ಬಂದಳು, ಮತ್ತೆ ಮತ್ತೆ ಸೂರ್ಯ ಮುಳುಗಿದ. ನೋಡೋಕೆ ನನಗೇ ಅಸಹ್ಯ ಆಯ್ತು. ಆದರೆ ಸುಳ್ಳು ಹೇಳಬಾರದು, ಒಳಗೆ ಒಸಿ ಸಂತೋಷವೂ ಆಯ್ತು. ದಾರಿಗೆ ಬಂದಳು ಅನ್ನಿಸಿತು.

ಹೀಗಿರುವಾಗ ಮೈಸೂರಿನಲ್ಲಿ ಮೂರು ತಿಂಗಳ ಒಂದು ಚಿತ್ರಕಲಾ ಶಿಬಿರ ಇದೆ ಅನ್ನೋ ಸುದ್ದಿ ಗುಂಪಿಗೆ ಬಂತು. ಎಲ್ಲೂ ಕಲಿಯದವರಿಗೇ ಅಂತ ಮಾಡಿದ್ದು. ದೊಡ್ಡ ಚಿತ್ರಗಾರರು ಜೊತೆಯಲ್ಲಿ ಕೂರಿಸಿಕೊಂಡು ಹೇಳಿಕೊಡ್ತಾರೆ, ಇರೋಕೆ ಜಾಗ, ಊಟ ಎಲ್ಲ ಅವರದ್ದೇ. ಹತ್ತು ಚಿತ್ರ ಕಳಿಸಬೇಕು, ಮೂವತ್ತೈದು ತುಂಬಿರಬಾರದು. ನಮ್ಮ ಗುಂಪಿನಲ್ಲಿ ಹೆಚ್ಚಿನವರಿಗೆ ವಯಸ್ಸು ದಾಟಿತ್ತು. ಮಾಗಡಿಯವರಿಗೆ ಅದೇ ಕೊನೇ ವರ್ಷ.

ಅವರು ಗುಂಪಿನಲ್ಲಿ ಬರೆದರು: ಮನೇಲಿ ಯಜಮಾನರು ಮೊದಲು ಒಪ್ಪಲಿಲ್ಲ, ಆಮೇಲೆ ಒಂದು ಮಾತು ಹೇಳಿದ್ದಾರೆ. ಈ ಸಲ ಶಿಬಿರದವರು ಕರೆದರೆ ಹೋಗು, ಮಗುವನ್ನ ನಮ್ಮಮ್ಮ ನೋಡಿಕೊಳ್ತಾರೆ. ಕರೆಯದೆ ಇದ್ದರೆ ಪೆನ್ನು ಪೇಪರು ಎಲ್ಲ ಮುಚ್ಚಿಡು, ಆಮೇಲೆ ಈ ಮನೇಲಿ ಆ ಸುದ್ದಿ ಎತ್ತಬೇಡ ಅಂತ. ನಾನು ಆಯ್ತು ಅಂತ ಮಾತು ಕೊಟ್ಟಿದ್ದೀನಿ. ಹಳೇದು ಹೊಸದು ಸೇರಿಸಿ ನಲವತ್ತು ಚಿತ್ರ ನಂಬರ್ ಹಾಕಿ ಇಟ್ಟಿದ್ದೀನಿ, ನೀವೆಲ್ಲ ನೋಡಿ ಹತ್ತು ಆರಿಸಿಕೊಡಿ.

ಗುಂಪಿಗೆ ಹಬ್ಬವೋ ಹಬ್ಬ. ಯಾರ ಕಣ್ಣಿಗೂ ಆ ಬಾಲ್ ಪೆನ್ನಿನವು ಬೀಳಲಿಲ್ಲ. ಸೂರ್ಯ ಮುಳುಗೋದು ಇರಲಿ ಮೇಡಂ, ರಾಧೆ ಇರಲೇಬೇಕು ಮೇಡಂ, ಗಿಳಿ ಬಿಟ್ಟೀರಿ ಜೋಕೆ ಮೇಡಂ. ಮೇಷ್ಟ್ರು ಒಂಬತ್ತು ಬಣ್ಣದ ಚಿತ್ರ ಹೇಳಿ, ‘ವೆರೈಟಿಗೆ ಒಂದು ಬ್ಲಾಕ್ ಅಂಡ್ ವೈಟ್ ಇರಲಿ’ ಅಂತ ಮುದುಕಿ ಪಾದವನ್ನ ಕೊನೆಗೆ ಸೇರಿಸಿದರು.

ನಾನು ಏನು ಮಾಡಿದೆ ಗೊತ್ತಾ? ಆ ಭಾನುವಾರ ಸೈಬರ್ ಸೆಂಟರಿಗೆ ಹೋಗಿ ನಲವತ್ತು ಚಿತ್ರವನ್ನೂ ಪೂರ್ತಿ ತೆರೆಸಿ ನೋಡಿದೆ. ಬೆಳಗ್ಗೆ ಕೂತವನು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಒಂದೊಂದೇ ಗೆರೆ ಇಳಿಯೋವರೆಗೂ ಕಾದು, ಇಡೀ ಚಿತ್ರ ಬಂದ ಮೇಲೆ ಕಾರ್ಖಾನೇಲಿ ಬಾಗಿಲು ನೋಡಿದ ಹಾಗೆ ಹತ್ತಿರಕ್ಕೆ ಬಗ್ಗಿ ನೋಡಿದೆ. ಎಲ್ಲಿ ಜಳ್ಳು, ಎಲ್ಲಿ ಕಾಳು ಅಂತ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಆ ಬಾಲ್ ಪೆನ್ನಿನ ಜನ, ಅಬ್ಬಾ, ಅವರು ಬದುಕಿದ್ದರು ಕಣ್ರೀ! ತಪ್ಪು ಹುಡುಕೋಕೆ ಹೋದ ನನಗೆ ಕಣ್ಣು ತುಂಬಿ ಬಂತು. ಹತ್ತು ನಂಬರು ಒಂದು ಚೀಟಿ ಮೇಲೆ ಬರೆದುಕೊಂಡೆ. ಬರೆದುಕೊಂಡು ಜೇಬಿಗಿಟ್ಟುಕೊಂಡು ಮನೆಗೆ ಹೋದೆ.

ಎರಡು ದಿನ ಬಿಟ್ಟು ಅವರು ನನಗೊಬ್ಬನಿಗೇ ಬರೆದರು. ‘ಸರ್, ಎಲ್ಲರೂ ಹೇಳಿದ್ದಾರೆ, ನೀವು ಹೇಳಿಲ್ಲ. ನಿಮಗೆ ತಪ್ಪು ಹುಡುಕೋದೇ ಕೆಲಸ ಅಂತ ಕೇಳಿದ್ದೀನಿ. ನಿಮ್ಮ ಕಣ್ಣು ನಂಬ್ತೀನಿ. ಇವರು ಹೇಳಿದ ಹತ್ತೇ ಕಳಿಸಲಾ? ನನಗ್ಯಾಕೋ ಧೈರ್ಯ ಬರ್ತಿಲ್ಲ. ನಾಡಿದ್ದು ಕೊನೇ ದಿನ.’

ಚೀಟಿ ಜೇಬಿನಲ್ಲೇ ಇತ್ತು. ಹತ್ತು ನಂಬರು ಒತ್ತಿದ್ದರೆ ಮುಗೀತಿತ್ತು. ಎಷ್ಟು ಹೊತ್ತಿನ ಕೆಲಸ? ಆದರೆ ಬೆರಳು ಕೀಲಿಮಣೆ ಮೇಲಿಟ್ಟಾಗ ನನಗೆ ಕಂಡದ್ದು ಎರಡು ಎತ್ತು, ಇಪ್ಪತ್ತು ಜನರ ಮುಂದೆ ಹೋದ ನನ್ನ ಮಾನ. ಈಗ ಬಂದಳಾ ನನ್ನ ಹತ್ತಿರ, ಅನ್ನಿಸಿತು. ಒತ್ತಿದೆ: ‘ಎಲ್ಲಾ ಸೂಪರ್ ಮೇಡಂ. ಮೇಷ್ಟ್ರು ಹೇಳಿದ್ದೇ ಸರಿ.’ ಒತ್ತಿ ಎದ್ದು ಹೋಗಿ ಎದುರಿನ ಗಾಡೀಲಿ ಬೋಂಡ ತಿಂದೆ. ಚೆನ್ನಾಗಿತ್ತು ಬೋಂಡ. ಅದು ನೆನಪಿರೋದೇ ನನಗೆ ಅಸಹ್ಯ.

ಒಂದೂವರೆ ತಿಂಗಳಿಗೆ ಶಿಬಿರದವರ ಕಾಗದ ಬಂತು. ಮಾಗಡಿಯವರು ಅದನ್ನ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದರು, ಒಂದು ಮಾತೂ ಸೇರಿಸಲಿಲ್ಲ. ಆಯ್ಕೆಯಾಗಿಲ್ಲ ಅಂತ ಅಚ್ಚು ಹಾಕಿದ್ದ ಕಾಗದ. ಅದರ ಕೆಳಗೆ ಯಾರೋ ಪುಣ್ಯಾತ್ಮರು ಕೈಯಲ್ಲಿ ಎರಡು ಸಾಲು ಬರೆದಿದ್ದರು: ಹತ್ತನೇ ಚಿತ್ರ ಬಹಳ ಹೊತ್ತು ನೋಡಿದೆವು. ಆ ರೀತಿಯವು ಇನ್ನೂ ಐದಾರು ಇದ್ದಿದ್ದರೆ ನಿಮ್ಮನ್ನು ಬಿಡುತ್ತಿರಲಿಲ್ಲ.

ಹತ್ತನೆಯದು ಅಂದರೆ ಪಾದ. ವೆರೈಟಿಗೆ ಅಂತ ಸೇರಿಸಿದ್ದು.

ನಮ್ಮ ಗುಂಪಿನವರು ಆ ಎರಡು ಸಾಲು ಓದಿದರಾ? ಎಲ್ಲಿ ಓದ್ತಾರೆ, ಅದು ಕಾಗದದ ಕೆಳಗಿತ್ತಲ್ಲ! ‘ಬೇಜಾರು ಮಾಡ್ಕೋಬೇಡಿ ಮೇಡಂ, ನಮ್ಮ ಪಾಲಿಗೆ ನೀವೇ ವಿನ್ನರ್.’ ‘ಅವರಿಗೆ ಕಣ್ಣಿಲ್ಲ ಮೇಡಂ.’ ‘ಇನ್ಫ್ಲುಯೆನ್ಸ್ ಇದ್ದೋರಿಗೆ ಕಾಲ ಮೇಡಂ.’ ಕೆಳಗೆಲ್ಲ ಹೂವಿನ ಚಿತ್ರ, ಕೈ ಮುಗಿಯೋ ಚಿತ್ರ. ಒಬ್ಬನಂತೂ ಕಾಗದಕ್ಕೇ ‘ಸೂಪರ್ ಮೇಡಂ’ ಅಂತ ಬರೆದಿದ್ದ. ಹೊಗಳಿಕೆಗೆ ನಾತ ಇರುತ್ತೆ ಅಂತ ನನಗೆ ಗೊತ್ತಾದದ್ದು ಅವತ್ತು.

ಮೇಷ್ಟ್ರು, ಎಲ್ಲರೂ ಒಂದು ಸಲ ಮುಖಾಮುಖಿ ಸೇರೋಣ, ಮಾಗಡಿ ಮೇಡಮ್ಮಿಗೂ ಸಮಾಧಾನ ಆಗುತ್ತೆ ಅಂತ ಒಂದು ಭಾನುವಾರ ಗೊತ್ತು ಮಾಡಿದರು. ಎಲ್ಲರಿಗೂ ನಡುವೆ ಆಗುತ್ತೆ ಅಂತ ರಾಮನಗರ ಚನ್ನಪಟ್ಟಣದ ಮಧ್ಯದ ಕೆಂಗಲ್ ದೇವಸ್ಥಾನದಲ್ಲಿ. ಹನ್ನೆರಡು ಜನ ಬಂದಿದ್ದರು. ಆಂಜನೇಯನಿಗೆ ಕೈ ಮುಗಿದು ಬಂದು ಮರದ ಕೆಳಗೆ ಜಮಖಾನ ಹಾಸಿದ್ವಿ. ಚಿತ್ರಾನ್ನ, ಮೊಸರನ್ನ, ನಮ್ಮನೆಯವಳು ಕಟ್ಟಿಕೊಟ್ಟ ನಿಪ್ಪಟ್ಟು. ಮಾಗಡಿಯವರು ರಾಮನಗರದಲ್ಲಿ ಬಸ್ ಬದಲಾಯಿಸಿಕೊಂಡು ಒಬ್ಬರೇ ಬಂದರು. ನಾನು ಮನಸ್ಸಿನಲ್ಲಿ ಯಾವುದೋ ಗಟ್ಟಿ ಹೆಂಗಸನ್ನ ಕಲ್ಪಿಸಿಕೊಂಡಿದ್ದೆ. ಬಂದದ್ದು ಸಣ್ಣಗೆ, ಮೆತ್ತಗೆ ಮಾತಾಡೋ ಹೆಣ್ಣುಮಗಳು. ಎಲ್ಲರಿಗೂ ಅಣ್ಣ ಅಣ್ಣ ಅಂತ ನಕ್ಕೊಂಡು ಮಾತಾಡಿಸಿದರು. ಕೈಯಲ್ಲೊಂದು ದೊಡ್ಡ ಗಂಟು.

ಊಟ ಆದ ಮೇಲೆ ಗಂಟು ಬಿಚ್ಚಿದರು. ಬರೆದ ಚಿತ್ರವೆಲ್ಲ ಅದರಲ್ಲಿತ್ತು. ‘ಮನೇಲಿ ಮಾತು ಕೊಟ್ಟಿದ್ದೆ, ಗೊತ್ತಲ್ಲ. ಇನ್ಮೇಲೆ ಬರೆಯಲ್ಲ. ಇಟ್ಕೊಂಡು ನೋಡ್ತಾ ಕೂತ್ರೆ ಸಂಕಟ. ಯಾರ್ಯಾರಿಗೆ ಯಾವ್ದು ಬೇಕೋ ತಗಳಿ’ ಅಂದರು. ‘ಅಯ್ಯೋ ಹಂಗನ್ಬಾರ್ದು ಮೇಡಂ’ ಅಂತ ಎಲ್ಲರೂ ಒಟ್ಟಿಗೆ ಅಂದರು, ಅಂದುಕೊಂಡೇ ಕೈ ಹಾಕಿದರು. ಸೂರ್ಯ ಹೋದ, ಗಿಳಿ ಹೋಯ್ತು. ರಾಧೆಗೆ ಮೇಷ್ಟ್ರಿಗೂ ಸ್ಟುಡಿಯೋದವನಿಗೂ ಒಸಿ ಎಳೆದಾಟವೇ ಆಯ್ತು. ಬಣ್ಣದ್ದೆಲ್ಲ ಖಾಲಿಯಾದ ಮೇಲೆ ಫೋಟೋ ತೆಗೆಸಿಕೊಳ್ಳೋಕೆ ಅಂತ ದೇವಸ್ಥಾನದ ಮುಂದಕ್ಕೆ ಹೋದರು. ಜಮಖಾನದ ಮೇಲೆ ಉಳಿದದ್ದು ಬಾಲ್ ಪೆನ್ನಿನ ಕಂತೆ. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ನಾನು ಅಲ್ಲೇ ಕೂತೆ. ‘ಅವತ್ತು ನಾನು ನಿಮಗೆ ಸುಳ್ಳು ಬರೆದೆ ಕಣಮ್ಮ’ ಅಂದೆ.

‘ಯಾವ್ದಣ್ಣ?’

‘ಹತ್ತು ಚಿತ್ರದ್ದು. ನಾನು ಬೇರೆ ಹತ್ತು ಆರಿಸಿದ್ದೆ.’

ಅವರು ಕಂತೆಯನ್ನ ನನ್ನ ಮುಂದಕ್ಕೆ ಸರಿಸಿ, ‘ತೆಗೀರಿ ನೋಡಾಣ’ ಅಂದರು.

ಚೀಟಿ ಬೇಕಾಗಲಿಲ್ಲ. ತೆಗೆದೆ. ಪಾದ ಒಂದು. ಹಲಸಿನಹಣ್ಣನ್ನ ಮಗು ಥರ ತೊಡೆ ಮೇಲಿಟ್ಟುಕೊಂಡ ಹೆಂಗಸು. ಬೆನ್ನು ತಿರುಗಿಸಿ ನಿಂತ ಮೂರು ಕಾಲೇಜು ಹುಡುಗೀರು. ಬಸ್ಸು ತಪ್ಪಿಹೋಗಿ ಓಡೋದು ನಿಲ್ಲಿಸಿದ ಮುದುಕ. ‘ಇದ್ಯಾಕೆ?’ ಅಂದರು ಒಂದನ್ನ ಹಿಡಿದು. ಮೂಟೆ ಇಳಿಸಿ ನಿಂತ ಒಬ್ಬ ಹಮಾಲಿ. ‘ಮೂಟೆ ಕೆಳಗಿಟ್ಟವ್ನೆ, ಆದ್ರೂ ಬಲಗಡೆ ಭುಜ ಇನ್ನೂ ಕೆಳಗೇ ಐತೆ. ಭಾರ ಹೋಗಿಲ್ಲ’ ಅಂದೆ. ಅವರ ಮುಖ ಅರಳಿತು. ‘ಅದನ್ನ ಬರೆಯೋಕೆ ನಾಲ್ಕು ದಿನ ಹಿಡೀತು ಅಣ್ಣ, ಅವ್ನು ನಿಲ್ತಾನೇ ಇರ್ಲಿಲ್ಲ!’ ಅಂದರು. ಇನ್ನೊಂದಕ್ಕೆ ‘ಇದು ಬೇಡ, ಕೈ ಕೆಟ್ಟೈತೆ’ ಅಂದರು. ನಾನು ‘ಕೆಟ್ಟಿದ್ರೂ ಇರ್ಲಿ, ಕುತ್ತಿಗೆ ನೋಡಿ’ ಅಂದೆ. ವಾದ ಮಾಡಿದ್ವಿ. ನಕ್ವಿ. ಅವರು ಕೂದಲು ಹಿಂದಕ್ಕೆ ತಳ್ಳಿಕೊಂಡು, ಹಾಳೆ ಮೇಲೆ ಬೆರಳಿಟ್ಟು, ಎಲ್ಲಿ ಪೆನ್ನು ಜಾರಿತು, ಎಲ್ಲಿ ಸರಿ ಮಾಡಿದೆ ಅಂತ ಹೇಳ್ತಾ ಹೋದರು. ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಚಿತ್ರದ ಬಗ್ಗೆ ನಾನು ಆಡಿದ ಮಾತು ಅಂದರೆ ಆ ಇಪ್ಪತ್ತು ನಿಮಿಷದ್ದೇ.

ಹತ್ತು ಆಯ್ತು. ಜಮಖಾನದ ಮೇಲೆ ಹರಡಿದ್ದನ್ನ ಅವರು ಎಣಿಸಿದರು.

‘ಇದರಲ್ಲಿ ಎಂಟು ನಾನೇ ಮೊದಲು ಎತ್ತಿಟ್ಟಿದ್ದೆ’ ಅಂದರು. ‘ನೀವೆಲ್ಲ ಬೇರೆ ಹೇಳಿದ್ರಿ ಅಂತ ತೆಗೆದೆ.’ ಹಮಾಲಿಯ ಹಾಳೆ ಕೈಗೆತ್ತಿಕೊಂಡು, ‘ಇದೆಲ್ಲ ನಿಮಗೆ ಆವತ್ತೇ ಕಂಡಿತ್ತಾ?’ ಅಂದರು.

‘ಹೂಂ.’

‘ಮತ್ಯಾಕಣ್ಣ?’

‘ಆ ಎತ್ತಿನ ಸಿಟ್ಟು’ ಅಂದೆ.

‘ಯಾವ ಎತ್ತು?’

ಅವರಿಗೆ ನೆನಪೇ ಇರಲಿಲ್ಲ. ಎಲ್ಲಾ ಬಿಡಿಸಿ ಹೇಳಬೇಕಾಯ್ತು, ಎತ್ತು, ನೊಗ, ಇಪ್ಪತ್ತು ಜನ. ಹೇಳ್ತಾ ಹೇಳ್ತಾ ನನ್ನ ಬಾಯಿಯೇ ನನಗೆ ಹೊಲಸು ಅನ್ನಿಸಿತು. ಉಗಿದಿದ್ದರೆ ಒರೆಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ. ಅವರು ಉಗೀಲಿಲ್ಲ. ಹತ್ತು ಹಾಳೆಯನ್ನೂ ಮೆಲ್ಲಗೆ ಒಂದರ ಮೇಲೊಂದು ಜೋಡಿಸಿದರು.

‘ನನ್ನ ಚಿತ್ರ ಹಿಂಗೆ ನೋಡೋರು ಒಬ್ರು ಸಿಕ್ಕಿದ್ರೆ ಸಾಕು ಅಂತ ಅಣ್ಣ ನಾನು ಆ ಗುಂಪಿಗೆ ಬಂದಿದ್ದು’ ಅಂದರು. ‘ಯಾರೂ ಇಲ್ಲ ಅಂದ್ಕಂಡೆ. ಇದ್ರಿ ನೀವು.’

ದೇವಸ್ಥಾನದ ಕಡೆಯಿಂದ ಮೇಷ್ಟ್ರು ಫೋಟೋಗೆ ಕರೀತಿದ್ದರು. ರಾಮನಗರದ ಬಸ್ಸು ಬಂತು, ಮಾಗಡಿಯವರು ಹಾಳೆಗಳನ್ನ ಜಮಖಾನದ ಮೇಲೇ ಬಿಟ್ಟು ಹತ್ತಿಕೊಂಡು ಹೋದರು.